ಆಮೆಚಿಪ್ಪಿನ ಪರೀಕ್ಷೆ

"ಸುಡು," ಎಂದಳು ದುರ್ಗಾಂಬಿಕಾ.

ತಮ್ಮ ಪ್ರದೀಪ್ ಬೆರಳೊತ್ತಿದ. ಫೋನಿನ ಪರದೆಯ ಮೇಲೆ ಬೆಂಕಿಬಾಣ ಹಾರಿ ಆಮೆಚಿಪ್ಪು ತೊಟ್ಟಿದ್ದ ಅವಳ ಯೋಧನ ಎದೆಗೆ ನಾಟಿತು. ಯೋಧ ಅಲುಗಲಿಲ್ಲ. ತಲೆಯ ಮೇಲಿನ ಹಸಿರು ಜೀವಗೆರೆ ಕೂದಲೆಳೆಯಷ್ಟೂ ಕುಗ್ಗಲಿಲ್ಲ.

"ಇನ್ನೊಂದ್ಸಲ."

ಮತ್ತೆ ಬೆಂಕಿ. ಮತ್ತೆ ಏನೂ ಆಗಲಿಲ್ಲ.

ಆಮೆಚಿಪ್ಪು ಆ ವಾರವಷ್ಟೇ ಆಟಕ್ಕೆ ಬಂದ ಹೊಸ ಕವಚ. ತೊಟ್ಟರೆ ಓಟ ನಿಧಾನ, ಕತ್ತಿಯ ಏಟಿಗೂ ತಡೆಯಿಲ್ಲ ಎಂದು ಆಡುವವರೆಲ್ಲ ಅದನ್ನು ಹೀಯಾಳಿಸಿ ಬಿಟ್ಟಿದ್ದರು. ಬೆಂಕಿಯ ಮುಂದೆ ಮಾತ್ರ ಅದು ಕಲ್ಲಿನ ಗೋಡೆ. ಜಗಳೂರಿನ ಈ ಬಾಡಿಗೆ ಕೋಣೆಯಲ್ಲಿ ಕೂತ ಇಬ್ಬರಿಗೆ ಈಗ ಅದು ಗೊತ್ತಾಯಿತು.

ಕವಚಗಳನ್ನು ಹೀಗೆ ಒರೆಗೆ ಹಚ್ಚಿ ವಿಡಿಯೋ ಮಾಡುವುದೇ ದುರ್ಗಾಂಬಿಕಾಳ ಚಾನೆಲ್. ಅಲ್ಲಿ ಅವಳ ಹೆಸರಿಲ್ಲ, ಮುಖವಿಲ್ಲ. ದನಿಯನ್ನೂ ಆ್ಯಪ್ ಹಾಕಿ ಗಂಡಸಿನದು ಮಾಡಿದ್ದಳು. ಜನ ಅವಳನ್ನು "ಗುರುಗಳೇ" ಎನ್ನುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಎನ್ನುತ್ತಿದ್ದವನು ಚನ್ನಗಿರಿಯ ವಿನಯ್ ಕುಮಾರ್.

ಅವನ ಸಂದೇಶ ಬೆಳಿಗ್ಗೆಯೇ ಬಂದಿತ್ತು. "ಗುರುಗಳೇ, ಭಾನುವಾರ ಹೊನ್ನಾಳೀಲಿ ಫೈನಲ್. ಎದುರಿಗೆ ನ್ಯಾಮತಿ ಮೇಘಶ್ರೀ, ಬರೀ ಬೆಂಕಿಬಾಣ ಬಿಡ್ತಾಳೆ. ಆಮೆಚಿಪ್ಪು ತೊಡ್ಲೋ ಬ್ಯಾಡ್ವೋ? ನಿಮ್ಮ ಮಾತೇ ವೇದವಾಕ್ಯ."

ಪ್ರದೀಪ್ ಅದನ್ನು ಓದಿ ನಕ್ಕ. ಆ ನಗೆಯಲ್ಲಿ ನಗೆ ಇರಲಿಲ್ಲ.

ಹೋದ ವರ್ಷ ಪ್ರದೀಪ್ ಇದೇ ವಿನಯ್‌ನ ತಂಡದಲ್ಲಿದ್ದ. ಅಭ್ಯಾಸಕ್ಕೆಂದು ಚನ್ನಗಿರಿಯ ಅವನ ಮನೆಗೂ ಹೋಗಿದ್ದ. ಆಟ ಲೈವ್ ಹೋಗುತ್ತಿತ್ತು. ನೋಡುತ್ತಿದ್ದವರಲ್ಲಿ ಯಾರೋ ಪ್ರದೀಪನ ಊರು ಕೇಳಿದರು. ಸೊಕ್ಕೆ ಎಂದ. ಸೊಕ್ಕೇಲಿ ಎಲ್ಲಿ ಎಂದರು. ಊರ ಹೊರಗಿನ ಕಾಲೋನಿ ಎಂದ. ವಿನಯ್ ಎದ್ದು ಬಂದು, ಪ್ರದೀಪ್ ತಲೆಗೆ ಹಾಕಿಕೊಂಡಿದ್ದ ತನ್ನ ಹೆಡ್‌ಫೋನನ್ನು ಪೊರಕೆಯ ಹಿಡಿಯಿಂದ ಎತ್ತಿ ಕಸದ ಬುಟ್ಟಿಗೆ ಹಾಕಿದ. "ಹೊಸದು ತರಿಸ್ಬೇಕ್ರಪ್ಪೋ," ಎಂದು ಕ್ಯಾಮೆರಾಕ್ಕೆ ಕಣ್ಣು ಹೊಡೆದ. ನೋಡುತ್ತಿದ್ದ ಸಾವಿರಾರು ಮಂದಿ ನಗುವ ಮುಖಗಳನ್ನು ಕಳಿಸಿದರು. ಒಬ್ಬರೂ ತಪ್ಪು ಎನ್ನಲಿಲ್ಲ.

ಅಂದಿನಿಂದ ಪ್ರದೀಪ್ ಅಕ್ಕನನ್ನು ಬಿಟ್ಟು ಬೇರೆ ಯಾರೊಂದಿಗೂ ಕೂತು ಆಡಿರಲಿಲ್ಲ.

"ಈಗ ನಿಜ ಹೇಳಿದ್ರೆ ಅವನೇ ಗೆಲ್ತಾನೆ ಅಕ್ಕ," ಎಂದ. "ಚಿಪ್ಪು ದಂಡ, ತೊಡಬ್ಯಾಡ ಅಂತ ಹೇಳು. ಮುಗೀತು."

"ಇಲ್ಲೀತನಕ ಚಾನೆಲ್‌ನಾಗೆ ಒಂದೂ ಸುಳ್ಳು ಹೇಳಿಲ್ಲ ಕಣೋ."

"ಅದಕ್ಕೇ ನಂಬ್ತಾನೆ."

ದುರ್ಗಾಂಬಿಕಾ ವಿನಯ್ ಸಂದೇಶವನ್ನು ಮತ್ತೊಮ್ಮೆ ಓದಿದಳು. "ಅವನು ಚಿಪ್ಪು ತೊಡಬಾರ್ದು. ಎಲ್ಲರ ಮುಂದೆ ಸುಟ್ಟು ಬೂದಿ ಆಗ್ಬೇಕು. ನಿನಗೆ ಅಷ್ಟೇ ತಾನೆ ಬೇಕಾಗಿರೋದು?"

"ನಿನಗೆ ಬ್ಯಾಡ್ವಾ?"

"ನನಗೆ ನಿನಗಿಂತ ಜಾಸ್ತಿ ಬೇಕು. ನೀನು ಹೊರಗೆ ನಡಿ. ಈ ವಿಡಿಯೋ ಒಬ್ಬಳೇ ಮಾಡ್ತೀನಿ."

"ಚಾನೆಲ್ ಸತ್ತು ಹೋದ್ರೆ?"

"ಸಾಯ್ಲಿ ಬಿಡು."

ಭಾನುವಾರ ಮುಂಜಾನೆ ವಿಡಿಯೋ ಏರಿಸಿ, ತಮ್ಮನನ್ನು ಕರೆದುಕೊಂಡು ಹೊನ್ನಾಳಿಯ ಬಸ್ಸು ಹತ್ತಿದಳು. ನೋಡುತ್ತೇನೆಂದು ಅವನು ಹಟ ಹಿಡಿದಾಗ ಫೋನ್ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು. "ಆಟ ಮುಗೀಲಿ, ಕೊಡ್ತೀನಿ."

ಕಲ್ಯಾಣಮಂಟಪ ಹುಡುಗರಿಂದ ಕಿಕ್ಕಿರಿದಿತ್ತು. ಕೊನೆಯ ಕಾಳಗ ನಾಯಕರಿಬ್ಬರದೇ. ದೊಡ್ಡ ಪರದೆಯ ಮೇಲೆ ವಿನಯ್‌ನ ಯೋಧ ಕಾಣಿಸಿಕೊಂಡ. ಮೈಮೇಲೆ ಆಮೆಚಿಪ್ಪು!

ಪ್ರದೀಪ್ ಕೂತಲ್ಲಿಂದ ಅರ್ಧ ಎದ್ದ.

ವಿನಯ್ ಒಂದು ಗಳಿಗೆ ಆ ಚಿಪ್ಪನ್ನೇ ದಿಟ್ಟಿಸಿದ. ಮುಖ ಸಿಂಡರಿಸಿದ. ಆಮೇಲೆ ಬೆರಳಾಡಿಸಿ ಅದನ್ನು ಕಳಚಿ, ಹಳೆಯ ಚರ್ಮದ ಅಂಗಿ ತೊಡಿಸಿದ.

"ನಂಬಿದ! ಅಕ್ಕ, ನಿನ್ನ ಮಾತು ನಂಬಿದ!"

"ಸುಮ್ಕೆ ನೋಡೋ."

ಮೇಘಶ್ರೀ ಕಾಯಲಿಲ್ಲ. ಮೊದಲ ಬಾಣಕ್ಕೆ ಅಂಗಿ ಹೊತ್ತಿಕೊಂಡಿತು. ಎರಡನೆಯದಕ್ಕೆ ಯೋಧ ಮಂಡಿಯೂರಿದ. ಮೂರನೆಯದು ಬೇಕಿರಲಿಲ್ಲ, ಆದರೂ ಬಿಟ್ಟಳು. ಚನ್ನಗಿರಿಯ ನಾಯಕ ಪರದೆಯ ತುಂಬ ಬೂದಿಯಾಗಿ ಉದುರಿದ. ನ್ಯಾಮತಿಯ ಹುಡುಗಿಯರು ಕುರ್ಚಿ ಹತ್ತಿ ಸಿಳ್ಳೆ ಹೊಡೆದರು. "ಯಾಕಣ್ಣ, ಮೈ ಕಾಯಿಸ್ಕಳಾಕೆ ಬಂದಿದ್ದಾ?" ಎಂದು ಹಿಂದಿನಿಂದ ಒಬ್ಬ ಕೂಗಿದ.

ಪ್ರದೀಪ್ ಅಕ್ಕನ ಕೈ ಹಿಡಿದುಕೊಂಡ. ಒಂದು ಸುಳ್ಳಿಗೆ ಇಷ್ಟು ರುಚಿ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ವೇದಿಕೆ ಇಳಿಯುತ್ತಿದ್ದ ವಿನಯ್‌ನನ್ನು ಅವನದೇ ತಂಡದ ಹಾಲಸ್ವಾಮಿ ಅಡ್ಡಗಟ್ಟಿದ. ವಿನಯ್ ಅಂಗಿಗೆ ಸಿಕ್ಕಿಸಿದ್ದ ಮೈಕನ್ನು ಯಾರೂ ಆರಿಸಿರಲಿಲ್ಲ. ಮಂಟಪಕ್ಕೆಲ್ಲ ಕೇಳಿಸಿತು.

"ಚಿಪ್ಪು ಯಾಕೋ ಬಿಚ್ಚಿದೆ? ನಾನು ಹಾಕಿಟ್ಟಿದ್ನಲ್ಲೋ! ಬೆಳಿಗ್ಗೆ ನಾವೇ ಸುಟ್ಟು ನೋಡಿದ್ವಿ, ವಿಡಿಯೋದಾಗೆ ಹೇಳ್ದಂಗೇ ಇತ್ತು. ಬೆಂಕಿ ಏನೂ ಮಾಡ್ಲಿಲ್ಲ!"

"ಗೊತ್ತೈತೆ ಬಿಡೋ!" ವಿನಯ್ ಸಿಡುಕಿದ. "ಅಂಥೋರು ಕೊಟ್ಟಿದ್ದ ಇಸ್ಕಂಡು ನಾನು ಮೈಮ್ಯಾಲೆ ಹಾಕ್ಕಬೇಕಾ? ಅದಕ್ಕಿಂತ ಸೋಲೋದೇ ವಾಸಿ."

ಪ್ರದೀಪ್ ಅಕ್ಕನ ಕಡೆ ತಿರುಗಿದ. ಅವಳು ಚೀಲದಿಂದ ಫೋನ್ ತೆಗೆದು ಅವನ ಕೈಗಿಟ್ಟಳು. ವಿಡಿಯೋದಲ್ಲಿ ಮೊದಲ ಬಾರಿಗೆ ಅವಳ ಮುಖವಿತ್ತು, ಅವಳದೇ ದನಿಯಿತ್ತು.

"ನಮಸ್ಕಾರ. ನಾನು ದುರ್ಗಾಂಬಿಕಾ, ಸೊಕ್ಕೆ ಕಾಲೋನಿಯವಳು, ಪ್ರದೀಪನ ಅಕ್ಕ. ಚಿಪ್ಪು ತೊಟ್ಕಳ್ರಿ, ಬೆಂಕಿ ನಿಮ್ಮನ್ನ ಮುಟ್ಟಲ್ಲ."