ಕೆರೆ ಕೆಳಗಿನ ಪಾಲಿಸಿ

ವಿಮಾ ಕಂಪನಿಯ ಸರ್ವೇಯರ್ ಕುಮಾರೇಶ್ ಟೇಪು ಬಿಚ್ಚುವ ಮೊದಲೇ ಮಳೆ ಸುರಿಯತೊಡಗಿತು. ಹೊಸೂರಿನ ಕೆರೆ ಕೆಳಗಿನ ಆ ಬೀದಿಯ ಇಪ್ಪತ್ತೆರಡು ಮನೆಯವರೂ ಜಗಲಿಗೆ ಬಂದು ನಿಂತರು.

ಹೋದ ವರ್ಷ ಈ ಮನೆಗಳಿಗೆಲ್ಲ ನೀರು ನುಗ್ಗಿತ್ತು. ಪರಿಹಾರ ಕೊಟ್ಟ ಕಂಪನಿ ಈ ವರ್ಷ ವಿಮೆಯ ಕಂತನ್ನು ಮೂರು ಪಟ್ಟು ಏರಿಸಿತ್ತು. ಫ್ಯಾಕ್ಟರಿ ಕೆಲಸದ ಶಶಿಕಲಾ ಹಟ ಹಿಡಿದು ಕಂಪನಿಗೆ ಓಡಾಡಿದ್ದಳು: ಇಡೀ ಬೀದಿಗೆ ಒಂದೇ ಪಾಲಿಸಿ ಮಾಡಿ, ನೀರು ನಿಲ್ಲದ ಹಾಗೆ ನಾವು ನೋಡಿಕೊಳ್ಳುತ್ತೇವೆ, ಕಂತು ಇಳಿಸಿ. ಸರ್ವೇಯರ್ ಬಂದು ನೋಡಿ ಹೂಂ ಅಂದರೆ ಆಗಲಿ ಎಂದಿತ್ತು ಕಂಪನಿ. ಎಂಟು ಭಾನುವಾರ ಎಲ್ಲರೂ ಸೇರಿ ಕಾಲುವೆಯ ಹೂಳೆತ್ತಿದ್ದರು.

ಈಗ ಅದೇ ಕಾಲುವೆ ಉಕ್ಕಿ, ತಗ್ಗಿನಲ್ಲಿದ್ದ ಶ್ಯಾಮಲಮ್ಮನ ಮನೆಯ ಮೊದಲ ಮೆಟ್ಟಿಲು ಮುಳುಗಿತು. ಎರಡನೆಯದೂ ಮುಳುಗಿತು.

“ಏನ್ ಮೇಡಂ, ನೀರು ನಿಲ್ತಾ ಐತಲ್ಲ,” ಅಂದ ಕುಮಾರೇಶ್.

ಶಶಿಕಲಾ ಕಾಲುವೆಯ ಉದ್ದಕ್ಕೂ ಕಣ್ಣಾಡಿಸಿದಳು.

“ಕಾಲುವೆ ಕೊನೇಲಿರೋ ಮೋರಿ ಬಾಯ್ಗೆ ಏನೋ ಸಿಕ್ಕಾಕೊಂಡೈತೆ ಕಣಮ್ಮ,” ಎಂದು ಅರವತ್ತು ದಾಟಿದ ಶ್ಯಾಮಲಮ್ಮ ಸೆರಗು ಸಿಕ್ಕಿಸಿ ಮೊಣಕಾಲುದ್ದದ ನೀರಿಗೆ ಇಳಿದೇಬಿಟ್ಟಳು. ತಡಕಿದಳು, ಎಳೆದಳು, ಬರಲಿಲ್ಲ. “ಸಾರೂ, ಆ ಬ್ಯಾಗು ಅತ್ಲಾಗೆ ಮಡಗಿ ಒಂದ್ ಕೈ ಹಾಕ್ರಪ್ಪ.”

ಕುಮಾರೇಶ್ ತನ್ನ ಬೂಟು ನೋಡಿಕೊಂಡ. ಆಮೇಲೆ ಬೂಟಿನ ಸಮೇತ ಇಳಿದ. ಇಬ್ಬರೂ ಜಗ್ಗಿದ ರಭಸಕ್ಕೆ ಉದ್ದನೆಯ ತೆಂಗಿನ ಗರಿಯೊಂದು ಕಿತ್ತು ಬಂತು. ಇಬ್ಬರೂ ದೊಪ್ಪನೆ ನೀರಲ್ಲಿ ಕುಳಿತರು. ಮೋರಿ ಗೊಳಗೊಳನೆ ಇಡೀ ಬೀದಿಯ ನೀರನ್ನು ಕುಡಿಯತೊಡಗಿತು. ಎರಡನೇ ಮೆಟ್ಟಿಲು ಕಂಡಿತು, ಮೊದಲನೆಯದೂ ಕಂಡಿತು. ಜನ ಜಗಲಿಗಳಿಂದ ಇಳಿದು ಮಳೆಯಲ್ಲೇ ಕುಣಿದರು. ಯಾರೋ ಸರ್ವೇಯರನ ಟೇಪನ್ನೇ ಹಾರ ಮಾಡಿ ಅವನ ಕೊರಳಿಗೆ ಹಾಕಿದರು. ಕುಣಿಯುವುದು ಗೊತ್ತಿಲ್ಲದ ಶಶಿಕಲಾ ನಿಂತಲ್ಲೇ ಗಿರಗಿರನೆ ತಿರುಗಿದಳು.

ಮೂರು ವಾರಕ್ಕೆ ಪಾಲಿಸಿ ಬಂತು. ಕಂತು ಏರಿಸುವ ಮುಂಚೆ ಇದ್ದುದಕ್ಕಿಂತಲೂ ಕಡಿಮೆಯಿತ್ತು. ಶಶಿಕಲಾ ಎಲ್ಲರನ್ನೂ ಕೂಡಿಸಿಕೊಂಡು ಕೊನೆಯ ಪುಟದ ಷರತ್ತುಗಳನ್ನು ಗಟ್ಟಿಯಾಗಿ ಓದಿದಳು. ಏಳನೆಯದಕ್ಕೆ ಬಂದಾಗ ನಗು ತಡೆಯಲಾಗದೆ ಮೂರು ಸಲ ನಿಲ್ಲಿಸಬೇಕಾಯಿತು: ‘ಮಳೆಗಾಲದಲ್ಲಿ ಶ್ರೀಮತಿ ಶ್ಯಾಮಲಮ್ಮನವರು ಕಡ್ಡಾಯವಾಗಿ ಬೀದಿಯಲ್ಲಿ ಹಾಜರಿರತಕ್ಕದ್ದು.’

ಶ್ಯಾಮಲಮ್ಮ ಅದನ್ನು ಇನ್ನೊಮ್ಮೆ ಓದಿಸಿ ಕೇಳಿದಳು.

“ಹಂಗಾದ್ರೆ ನನ್ ಪಾಲಿನ ಕಂತು ನೀವೆಲ್ಲಾ ಸೇರ್ಕೊಂಡು ಕಟ್ರಮ್ಮ.”