ಎಡಗೈಗೆ ಎರಡು ಬಟನ್

"ಅಪ್ಪ ಮತ್ತೆ ಸೋತ್ರು. ಇದು ಮೂರನೇ ಸಲ," ಎಂದ ಅಣ್ಣ.

ಆಟದ ಪೆಟ್ಟಿಗೆಯ ಹಿಂಬದಿಯಲ್ಲಿ ತಲೆ ತೂರಿಸಿ ಕೂತಿದ್ದ ತಂಗಿ ತಂತಿಗಳನ್ನು ಹುಡುಕುತ್ತಿದ್ದಳು. ಹಲ್ಲಿನಲ್ಲಿ ಟಾರ್ಚ್ ಕಚ್ಚಿಕೊಂಡಿದ್ದಳು.

ಮಧ್ಯಾಹ್ನ ಮೂರೂಕಾಲು. ನಾಲ್ಕಕ್ಕೆ ಅಪ್ಪನನ್ನು ಆರೈಕೆ ಕೇಂದ್ರಕ್ಕೆ ಸೇರಿಸಬೇಕು. ಅರ್ಜಿ ಅಣ್ಣನ ಜೇಬಿನಲ್ಲಿತ್ತು.

ಲಕ್ವ ಹೊಡೆದು ಎಂಟು ತಿಂಗಳು. ಅಪ್ಪನ ಬಲಗೈ ಹೋಯಿತು, ಮಾತು ಹೋಯಿತು. ಬುದ್ಧಿಯೂ ಹೋಗಿದೆ ಎಂದು ಅಣ್ಣ ಹೇಳುತ್ತಿದ್ದ. ಇಲ್ಲವೆಂದು ತಂಗಿ ಪಟ್ಟು ಹಿಡಿದಿದ್ದಳು. ಅವಳು ಲಿಫ್ಟ್ ಮೆಕ್ಯಾನಿಕ್. ಅಪ್ಪ ಮೂವತ್ತು ವರ್ಷ ವಿಡಿಯೊ ಗೇಮ್ ಮಳಿಗೆಯೊಂದರಲ್ಲಿ ಯಂತ್ರಗಳ ರಿಪೇರಿ ಮಾಡಿದವರು. ಹಾಗಾಗಿ ಪ್ಲೈವುಡ್ ಕೊಯ್ದು, ಹಳೇ ಟಿವಿ ಕೂರಿಸಿ, ಇಬ್ಬರು ಚೆಂಡು ಹೊಡೆದಾಡುವ ಆಟ ಕಟ್ಟಿದ್ದಳು. ಮೊದಲು ಹತ್ತು ಪಾಯಿಂಟ್ ಮಾಡಿದವರಿಗೆ ಗೆಲುವು. ಅಪ್ಪ ತನ್ನೆದುರು ಒಮ್ಮೆ ಗೆದ್ದರೆ ಅರ್ಜಿ ಹರಿಯುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದ.

ಬಟನ್ ಆರಿಸುವುದೇ ದೊಡ್ಡ ತಲೆನೋವಾಗಿತ್ತು. ಲಿಫ್ಟಿನ ಬಟನ್‌ಗೆ ಸ್ಪ್ರಿಂಗ್ ಬಿಗಿ. ಅಪ್ಪನ ಎಡಗೈ ಬೆರಳು ಸೋಲುತ್ತಿತ್ತು. ತೀರಾ ಮೆತ್ತನೆಯದು ಕೈ ನಡುಗಿದರೂ ಒತ್ತಿಹೋಗುತ್ತಿತ್ತು. ಕೊನೆಗೆ ಒತ್ತಿದಾಗ 'ಟಿಕ್' ಎನ್ನುವ ಅಗಲ ಬಟನ್‌ಗಳು ಸಿಕ್ಕಿದ್ದವು. ತೆರೆಯ ಬ್ಯಾಟನ್ನು ಮೇಲಕ್ಕೆ ಸರಿಸಲೊಂದು, ಕೆಳಕ್ಕೊಂದು.

ಈಗ ಅವುಗಳ ತಂತಿಗಳನ್ನೇ ಮೀಟರಿನಲ್ಲಿ ತಪಾಸಣೆ ಮಾಡುತ್ತಿದ್ದಳು. ಮೀಟರ್ ಪ್ರತಿ ಬಾರಿಯೂ ಕೀಂಯ್ ಎಂದಿತು. ಎಲ್ಲವೂ ಸರಿಯಿತ್ತು. ಅವಳು ಮತ್ತೆ ಮೊದಲ ತಂತಿಯಿಂದ ಶುರುಮಾಡಿದಳು.

"ಕಣ್ಣೆದುರೇ ಚೆಂಡು ಹೋಗತ್ತೆ. ನೋಡ್ತಾರೆ, ಒತ್ತಲ್ಲ," ಎಂದ ಅಣ್ಣ. ಅವನ ದನಿ ತುಸು ಮೆದುವಾಯಿತು. "ನಿನ್ನ ತಂತಿದೇನೂ ತಪ್ಪಿಲ್ಲ ಕಣೇ. ಸುಮ್ನೆ ಯಾಕೆ ಒದ್ದಾಡ್ತೀಯ?"

"ಕೈ ಕೂರೋಕೆ ಟೈಮ್ ಬೇಕು, ಅಣ್ಣ."

"ಕೈ ಗಟ್ಟಿಯಿದ್ದಾಗಲೇ ನನ್ನ ಮೇಲೆ ಒಂದ್ಸಲಾನೂ ಗೆದ್ದಿಲ್ಲ ಇವರು. ನಾನಿನ್ನೂ ಚಿಕ್ಕ ಹುಡುಗ, ಮಳಿಗೆಯವರೆಲ್ಲ ನಗ್ತಿದ್ರು, ನೆನಪಿಲ್ವಾ?"

"ಇನ್ನೊಂದೇ ಆಟ. ನನಗೋಸ್ಕರ."

ಅವಳು ಹೊರಬಂದು ಅಪ್ಪನ ಕುರ್ಚಿಯನ್ನು ಪೆಟ್ಟಿಗೆಗೆ ಇನ್ನಷ್ಟು ಹತ್ತಿರ ಸರಿಸಿದಳು. ಅಪ್ಪನ ಮುಖ ಗೋಡೆಯಂತಿತ್ತು. ಆಟ ಶುರುವಾಯಿತು.

ಅಷ್ಟರಲ್ಲಿ ಅಣ್ಣನ ಫೋನ್ ಹೊಡೆದುಕೊಂಡಿತು. ಅವನು ಬಟನ್ ಬಿಟ್ಟು ಕಿಟಕಿಯತ್ತ ತಿರುಗಿದ. "ಹೌದು ಸರ್, ಹೊರಡ್ತಿದ್ದೀವಿ. ಇಲ್ಲ ಸರ್, ಯಾರ ಗುರುತೂ ಹತ್ತಲ್ಲ..."

ಟಿಕ್. ಅಪ್ಪನಿಗೆ ಒಂದು ಪಾಯಿಂಟ್.

ಟಿಕ್, ಟಿಕ್. ಎರಡು.

ತಂಗಿ ಅಪ್ಪನ ಕೈಯತ್ತ ಬಾಗಿದಳು. ನಡುಗುವ ಎಡಗೈ ಬಟನ್ ಮೇಲೆ ಬಿದ್ದೊಡನೆ ಕಲ್ಲಿನಂತೆ ನಿಲ್ಲುತ್ತಿತ್ತು. ಐದು. ಏಳು. ಒಂದು ಚೆಂಡೂ ತಪ್ಪಲಿಲ್ಲ. ಒಂಬತ್ತಾದಾಗ ಅವಳು ಅಣ್ಣನ ತೋಳು ಹಿಡಿದು ಜಗ್ಗಿದಳು.

ಅಣ್ಣ ತೆರೆ ನೋಡಿದ. ಅಪ್ಪನ ಕೈ ನೋಡಿದ. ಫೋನಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಲೇ ಇದ್ದರು.

"ಇಲ್ಲ ಸರ್," ಎಂದ ಕೊನೆಗೆ. "ನಾವು ಬರಲ್ಲ. ಅಪ್ಪ ಆಡ್ತಿದ್ದಾರೆ."

ಫೋನ್ ಕಿಸೆಗೆ ತುರುಕಿ ಕುರ್ಚಿಯ ಪಕ್ಕ ಮಂಡಿಯೂರಿ ತನ್ನ ಬಟನ್‌ಗಳ ಮೇಲೆ ಕೈಯಿಟ್ಟ. "ಒತ್ತಿ ಅಪ್ಪ! ಇನ್ನೊಂದೇ ಪಾಯಿಂಟ್, ಒತ್ತಿ!"

ಅಪ್ಪ ಮಗನ ಮುಖವನ್ನೇ ನೋಡಿದರು. ಬಟನ್‌ನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮಗನಿಗೆ ಹತ್ತು ಪಾಯಿಂಟ್ ಆಗುವವರೆಗೆ ಒಂದೊಂದೇ ಚೆಂಡನ್ನು ಬಿಟ್ಟುಕೊಟ್ಟರು.