ಬಾಳೆಗೆ ಹಾಕಿದ ಮಣ್ಣು

ಮಣ್ಣು ನುಡಿಸುವ ಪೆಟ್ಟಿಗೆ ನಮ್ಮೂರಿಗೆ ವರ್ಷಕ್ಕೊಮ್ಮೆ ಬರುತ್ತದೆ. ಹಿಡಿ ಮಣ್ಣು ಹಾಕಿದರೆ ಅದರಲ್ಲಿ ಕೊಳೆತವರು ಯಾರು, ಹೇಗೆ ಸತ್ತರು ಎಂದು ಹೇಳುತ್ತದೆ. ಈ ಸಲ ನನ್ನ ತಂಗಿಯ ಗಂಡ ಚಿಕ್ಕೀರನ ಹಿತ್ತಿಲ ಸರದಿ. ತಂಗಿ ಕೆಂಪಾಜಿ ಓಡಿಹೋದಳೆಂದು ಅವನು ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದಾನೆ.

ಪೆಟ್ಟಿಗೆ, “ಮೀನು, ಕಪ್ಪೆ, ಒಂದು ಎಮ್ಮೆ” ಎಂದಿತು.

“ಕೇಳುಸ್ತಾ ಭಾವ? ಇನ್ನಾದ್ರೂ ಬಾಯಿ ಮುಚ್ಕೊಂಡಿರು,” ಎಂದು ಚಿಕ್ಕೀರ ಎಲ್ಲರೆದುರು ನಕ್ಕ.

ಮೀನು, ಕಪ್ಪೆ, ಎಮ್ಮೆ ಎಲ್ಲ ಕೆರೆಯವು. ಹೋದ ಬೇಸಿಗೆಯಲ್ಲಿ ಅವನು ಹಿತ್ತಿಲನ್ನು ಎದೆಮಟ್ಟ ತೋಡಿಸಿ ಕೆರೆಯ ಗೋಡುಮಣ್ಣು ತುಂಬಿಸಿದ್ದ. ತೆಗೆದ ಮಣ್ಣನ್ನು ಹೊಳೆಗೆ ಚೆಲ್ಲಿದ್ದರೆ ಮುಗಿಯುತ್ತಿತ್ತು. ಆದರೆ ಒಕ್ಕಲುಮಗ, ಅಷ್ಟು ಕಪ್ಪು ಮಣ್ಣನ್ನು ಎಸೆಯಲು ಮನಸ್ಸು ಬರಲಿಲ್ಲ. ತನ್ನ ಬಾಳೆಯ ಬುಡಕ್ಕೇ ಸುರಿಸಿದ.

ನಾನು ಟವೆಲಿನ ತುದಿಯ ಗಂಟು ಬಿಚ್ಚಿ ಪೆಟ್ಟಿಗೆಯವನತ್ತ ಹಿಡಿದೆ.

“ಇದನ್ನೂ ಹಾಕಿ ಸ್ವಾಮಿ. ಇವನ ಬಾಳೆ ತೋಟದ್ದು.”

ಪೆಟ್ಟಿಗೆ ನುಡಿಯಿತು: “ಕೆಂಪಾಜಿ. ಕತ್ತು ಹಿಸುಕಿದ್ದು.”

ಪೆಟ್ಟಿಗೆಯ ಜೊತೆ ಬಂದಿದ್ದ ಪೊಲೀಸಿನವರು ಚಿಕ್ಕೀರನ ರಟ್ಟೆ ಹಿಡಿದರು.

“ಯಾವಾಗ ತಗೊಂಡೆ ಭಾವ?” ಎಂದ ಚಿಕ್ಕೀರ.

“ನಮ್ಮನೆಗೆ ಗೊನೆ ಕಳಿಸಿದ್ಯಲ್ಲ, ಇಬ್ರು ಹೊರೋವಂಥದ್ದು, ಅವತ್ತು. ಅದ್ರಲ್ಲಿ ಒಂದು ಹಣ್ಣೂ ಮುಟ್ಟಲಿಲ್ಲ ಕಣೋ.”